ಹುಳಿ ಹಾಕಿ ಕುದಿಸಿದರೆ ಮರುವಾಯಿಯ ವಿಷ ಹೋಗುತ್ತದಾ?

ಓದುಗರ ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರ. ಹೋದ ತಿಂಗಳು ಒಂದು ಭಾನುವಾರ ಪರಿಚಯದವರು ಅಳಿವೆಯಲ್ಲಿ ಹೆಕ್ಕಿದ ಮರುವಾಯಿ ಚಿಪ್ಪು ತಂದುಕೊಟ್ಟರು. ಸುಕ್ಕ ಮಾಡಿದ್ದೆ. ಊಟ ಮುಗಿದು ಅರ್ಧ ಗಂಟೆಯೂ ಆಗಿರಲಿಲ್ಲ, ನಮ್ಮವರಿಗೆ ತುಟಿ ಜುಮ್ಮೆನ್ನಲು ಶುರುವಾಯಿತು. ಆಮೇಲೆ ನಾಲಿಗೆ, ಬೆರಳ ತುದಿ. ನಡೆದರೆ ತೇಲಿದ ಹಾಗೆ ಆಗುತ್ತದೆ ಅಂದರು. ವಾಂತಿ, ಭೇದಿ ಏನೂ ಇಲ್ಲ. ಆಸ್ಪತ್ರೆಗೆ ಹೋಗಲಿಲ್ಲ, ಬೆಳಿಗ್ಗೆ ಸರಿಯಾಯಿತು. ನಾನು, ಮಗಳು ಸ್ವಲ್ಪವೇ ತಿಂದಿದ್ದೆವು, ನಮಗೇನೂ ಆಗಲಿಲ್ಲ. ಹುಣಸೆಹುಳಿ ಸಾಲಲಿಲ್ಲ, ಇನ್ನೂ ಕುದಿಸಬೇಕಿತ್ತು ಅಂತ ಅತ್ತೆ. ಆ ವಾರ ರಾತ್ರಿ ಕಡಲು ನೀಲಿಯಾಗಿ ಹೊಳೆದಿತ್ತು, ಅದೇ ವಿಷ ಅಂತ ಪಕ್ಕದ ಮನೆಯವರು. ಎಲ್ಲ ಫ್ಯಾಕ್ಟರಿ ನೀರಿನ ಕೆಮಿಕಲ್ ಅಂತ ಮೈದುನ. ಬೇಯಿಸುವಾಗ ಬೆಳ್ಳಿ ನಾಣ್ಯ ಹಾಕಿ ನೋಡಿ, ಕಪ್ಪಾದರೆ ತಿನ್ನಬೇಡಿ ಅಂತಲೂ ಒಬ್ಬರು ಹೇಳಿದರು. ಯಾರ ಮಾತು ನಿಜ? ಮರುವಾಯಿ ಬಿಟ್ಟೇ ಬಿಡಬೇಕಾ? ಬೇಯಿಸದ ಒಂದು ಡಬ್ಬ ಇನ್ನೂ ಫ್ರೀಜರಿನಲ್ಲಿದೆ, ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಮಾತು. ತುಟಿ ಜುಮ್ಮೆಂದದ್ದು, ತೇಲಿದ ಹಾಗೆ ಆದದ್ದು. ಮೀನು, ಚಿಪ್ಪಿನ ವಿಷಗಳನ್ನು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದವನು ನಾನು. ಹೊಟ್ಟೆ ಕೆಟ್ಟಿತು ಅಂತ ಬರುವ ಪತ್ರಗಳೇ ಹೆಚ್ಚು. ಅವುಗಳಲ್ಲಿ ಬಹುಪಾಲು ಕೊಳಚೆ ನೀರಿನ ರೋಗಾಣುಗಳ ಕೆಲಸ, ಚೆನ್ನಾಗಿ ಬೇಯಿಸಿದರೆ ತಪ್ಪುತ್ತದೆ. ನಿಮ್ಮದು ಆ ಜಾತಿಯದಲ್ಲ. ಹೊಟ್ಟೆ ಸುಮ್ಮನಿದ್ದು ತುಟಿ, ನಾಲಿಗೆ, ಬೆರಳು ಮರಗಟ್ಟಿದರೆ ಅದು ನರದ ಮೇಲೆ ಕೆಲಸ ಮಾಡುವ ವಿಷ. ಪರೀಕ್ಷೆ ಇಲ್ಲದೆ ಖಂಡಿತವಾಗಿ ಹೇಳುವ ಹಾಗಿಲ್ಲ. ಆದರೆ ಚಿಪ್ಪು ತಿಂದ ಅರ್ಧ ಗಂಟೆಗೆ ಹೀಗಾದರೆ ನನ್ನ ಮೊದಲ ಅನುಮಾನ ಸ್ಯಾಕ್ಸಿಟಾಕ್ಸಿನ್ ಎಂಬ ವಿಷದ ಮೇಲೆ. ಬೆಳಿಗ್ಗೆಗೆ ಸರಿಹೋಯಿತು ಅಂದರೆ ಪ್ರಮಾಣ ಕಡಿಮೆ ಇತ್ತು ಅಂತಷ್ಟೇ ಅರ್ಥ. ಆಸ್ಪತ್ರೆಗೆ ಹೋಗದೆ ಇದ್ದದ್ದು ತಪ್ಪಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಅತ್ತೆಯವರ ಹುಳಿಯ ಮಾತು. ಲ್ಯಾಬಿನಲ್ಲಿ ನಾವು ಈ ವಿಷವನ್ನು ಹೇಗೆ ಹುಡುಕುತ್ತೇವೆ ಅಂತ ಹೇಳಿಬಿಡುತ್ತೇನೆ, ಉತ್ತರ ಅದರಲ್ಲೇ ಇದೆ. ನೂರು ಗ್ರಾಂ ಮರುವಾಯಿ ಮಾಂಸವನ್ನು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬುತ್ತೇವೆ. ಅದಕ್ಕೆ ನೂರು ಮಿಲಿಲೀಟರ್ ತೆಳು ಹೈಡ್ರೋಕ್ಲೋರಿಕ್ ಆಮ್ಲ. ಹುಳಿ ಎಷ್ಟಿರಬೇಕು ಅಂದರೆ, ಹೆಚ್ಚುಕಡಿಮೆ ಹುಣಸೆ ರಸದಷ್ಟು. ಆಮೇಲೆ ಒಲೆಯ ಮೇಲಿಟ್ಟು ಐದು ನಿಮಿಷ ಕುದಿಸುತ್ತೇವೆ. ಆರಿಸಿ, ಸೋಸಿ, ತಿಳಿಯನ್ನು ತೆಗೆದುಕೊಳ್ಳುತ್ತೇವೆ. ವಿಷ ಎಲ್ಲ ಆ ತಿಳಿಯಲ್ಲಿ ಬಂದು ಕೂತಿರುತ್ತದೆ. ಹಳೆಯ ಕ್ರಮದಲ್ಲಿ ಅದರ ಒಂದು ಮಿಲಿಲೀಟರ್ ಅನ್ನು ಸುಮಾರು ಇಪ್ಪತ್ತು ಗ್ರಾಂ ತೂಕದ ಇಲಿಗೆ ಚುಚ್ಚಿ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂರಬೇಕು. ಎಷ್ಟು ನಿಮಿಷಕ್ಕೆ ಸತ್ತಿತು ಅನ್ನುವುದರ ಮೇಲೆ ವಿಷದ ಲೆಕ್ಕ. ನಾನು ಮೊದಲ ಸಲ ಈ ಕೆಲಸ ಮಾಡಿದ ದಿನ ಮಧ್ಯಾಹ್ನ ಊಟ ಸೇರಲಿಲ್ಲ.

ನೋಡಿ, ಹುಳಿ ಹಾಕಿ ಕುದಿಸುವುದು ಈ ವಿಷವನ್ನು ಕೊಲ್ಲುವ ದಾರಿಯಲ್ಲ. ಮಾಂಸದಿಂದ ಅದನ್ನು ಹೊರಗೆ ತೆಗೆಯಲು ನಾವು ಹಿಡಿದಿರುವ ದಾರಿಯೇ ಅದು! ಹುಳಿಯಲ್ಲಿ ಸ್ಯಾಕ್ಸಿಟಾಕ್ಸಿನ್ ಇನ್ನೂ ಗಟ್ಟಿಯಾಗಿ ಬಾಳುತ್ತದೆ. ನೀರಿನಲ್ಲಿ ಕರಗುವುದರಿಂದ ಒಂದಷ್ಟು ಸಾರಿಗೆ ಇಳಿಯುತ್ತದೆ, ಅಷ್ಟೇ. ಬೇಯಿಸಿದ ನೀರು ಚೆಲ್ಲಿದರೆ ಸ್ವಲ್ಪ ಕಡಿಮೆಯಾಗಬಹುದು. ಆದರೆ ಮರುವಾಯಿಯ ರುಚಿಯೆಲ್ಲ ಆ ನೀರಿನಲ್ಲೇ ಇರುವುದು, ನಮ್ಮ ಕಡೆ ಅದನ್ನು ಯಾರು ಚೆಲ್ಲುತ್ತಾರೆ? ಅತ್ತೆಯವರಿಗೆ ಹೇಳಿ, ಅಡುಗೆಯಲ್ಲಿ ತಪ್ಪಿರಲಿಲ್ಲ.

ಬೆಳ್ಳಿ ನಾಣ್ಯ ಕಪ್ಪಾಗುವುದು ಗಂಧಕ ತಗುಲಿದಾಗ. ಮೊಟ್ಟೆ ಬೇಯಿಸಿದ ಪಾತ್ರೆಗೆ ಹಾಕಿದರೂ ಕಪ್ಪಾಗುತ್ತದೆ. ಕೆಸರಿನಲ್ಲಿ ಬೆಳೆದ ಮರುವಾಯಿಯಲ್ಲಿ ಗಂಧಕದ ವಾಸನೆ ಇದ್ದೇ ಇರುತ್ತದೆ. ಸ್ಯಾಕ್ಸಿಟಾಕ್ಸಿನ್‌ನಲ್ಲಿ ಗಂಧಕವೇ ಇಲ್ಲ. ಹಾಗಾಗಿ ಒಳ್ಳೆಯ ಮರುವಾಯಿಗೆ ನಾಣ್ಯ ಕಪ್ಪಾಗಬಹುದು, ವಿಷದ ಮರುವಾಯಿಗೆ ಬೆಳ್ಳಗೇ ಉಳಿಯಬಹುದು. ರಾತ್ರಿಯಿಡೀ ಉಪ್ಪುನೀರಿನಲ್ಲಿ ಇಟ್ಟರೆ ಮರಳು ಉಗುಳುತ್ತವೆ, ವಿಷ ಉಗುಳುವುದಿಲ್ಲ.

ಹಾಗಾದರೆ ಈ ವಿಷ ಬರುವುದು ಎಲ್ಲಿಂದ? ಮರುವಾಯಿ ಅದನ್ನು ತಯಾರಿಸುವುದಿಲ್ಲ. ಅದು ಒಂದು ಜರಡಿ ಇದ್ದ ಹಾಗೆ, ಬೆಳಗಿನಿಂದ ರಾತ್ರಿವರೆಗೆ ನೀರು ಎಳೆದುಕೊಂಡು ಸೋಸುತ್ತದೆ. ಪಚ್ಚಿಲೆಯಂತಹ ಚಿಪ್ಪು ಗಂಟೆಗೆ ಲೀಟರ್‌ಗಟ್ಟಲೆ ನೀರು ಸೋಸಬಲ್ಲದು. ನೀರಿನಲ್ಲಿರುವ ಕಣ್ಣಿಗೆ ಕಾಣದ ಪಾಚಿಯೇ ಅದರ ಊಟ. ಆ ಪಾಚಿಗಳಲ್ಲಿ ಕೆಲವೇ ಕೆಲವು ಜಾತಿ ವಿಷ ಮಾಡುತ್ತವೆ, ಅಲೆಕ್ಸಾಂಡ್ರಿಯಂ ಅಂಥದ್ದೊಂದು. ಅದು ಹೆಚ್ಚಾದ ದಿನಗಳಲ್ಲಿ ಸೋಸಿದ್ದೆಲ್ಲ ಚಿಪ್ಪಿನೊಳಗೆ ಜಮೆ. ಮರುವಾಯಿಗೆ ಏನೂ ಆಗುವುದಿಲ್ಲ, ಹೊಳೆಯುವ ಚಿಪ್ಪು, ದಪ್ಪ ಮಾಂಸ, ತಾಜಾ ವಾಸನೆ ಎಲ್ಲ ಸರಿ ಇರುತ್ತದೆ. ನೀವು ಎಷ್ಟೇ ನೋಡಿ ಆರಿಸಿದರೂ ಗೊತ್ತಾಗುತ್ತಿರಲಿಲ್ಲ.

ಈ ಸಂಬಂಧ ಗೊತ್ತಾಗಲು ಜನ ಸಾಯಬೇಕಾಯಿತು. 1927ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತ ಪಚ್ಚಿಲೆಯಂಥದ್ದೇ ಚಿಪ್ಪು ತಿಂದು ನೂರಕ್ಕೂ ಹೆಚ್ಚು ಜನ ಮಲಗಿದರು, ಆರು ಜನ ತೀರಿಕೊಂಡರು. ಹರ್ಮನ್ ಸಾಮರ್ ಮತ್ತು ಕಾರ್ಲ್ ಮೇಯರ್ ಎಂಬ ಇಬ್ಬರು ಅದರ ಬೆನ್ನು ಹತ್ತಿ, ಚಿಪ್ಪಿನ ವಿಷಕ್ಕೂ ಪಾಚಿಗೂ ಇರುವ ನಂಟನ್ನು 1937ರಲ್ಲಿ ತೋರಿಸಿದರು. ಮೇಲೆ ಹೇಳಿದ ಇಲಿಯ ಲೆಕ್ಕವೂ ಅವರದ್ದೇ. ಇದು ಎಲ್ಲೋ ದೂರದ ಕಥೆ ಅಂದುಕೊಳ್ಳಬೇಡಿ. 1983ರಲ್ಲಿ ಮಂಗಳೂರಿನ ಪಕ್ಕದ ಕುಂಬಳೆಯ ಅಳಿವೆಯ ಮರುವಾಯಿ ತಿಂದು ಒಬ್ಬರು ಸತ್ತರು. ಮಂಗಳೂರಿನ ವಿಜ್ಞಾನಿಗಳೇ ಅದನ್ನು ಪರೀಕ್ಷಿಸಿ, ಇದೇ ವಿಷ ಅಂತ ಮರುವರ್ಷ ಬರೆದರು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಚಿಪ್ಪು ತಿಂದು ಏಳು ಜನ ಹೋದರು, ಐನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ನಮ್ಮ ಕರಾವಳಿಯಲ್ಲಿ ಇದು ಅಪರೂಪ, ನಿಜ. ಆದರೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ.

ಇನ್ನು ನೀಲಿ ಬೆಳಕು. 2020ರ ನವೆಂಬರಿನಲ್ಲಿ ಮಲ್ಪೆ, ಪಡುಕೆರೆ ಕಡೆ ಅಲೆಗಳು ಹೊಳೆದಾಗ ಊರೆಲ್ಲ ಕಡಲ ಕರೆಗೆ ಬಂದಿತ್ತು, ನೆನಪಿರಬಹುದು. ಅದು ನೋಕ್ಟಿಲ್ಯೂಕ ಎಂಬ ಜೀವಿ. ಅಲುಗಾಡಿಸಿದರೆ ಮಿಣುಕುತ್ತದೆ. ಜಾಸ್ತಿಯಾದರೆ ನೀರಿನ ಆಮ್ಲಜನಕ ಕಡಿಮೆಯಾಗಿ, ಅಮೋನಿಯ ಹೆಚ್ಚಾಗಿ ಮೀನಿಗೆ ತೊಂದರೆ. ಆದರೆ ಅದು ಸ್ಯಾಕ್ಸಿಟಾಕ್ಸಿನ್ ಮಾಡುವುದಿಲ್ಲ. ಹಾಗಂತ ಹೊಳೆದರೆ ಭಯವಿಲ್ಲ ಅಂತ ತೀರ್ಮಾನಿಸುವುದೂ ತಪ್ಪು. ವಿಷದ ಪಾಚಿಗಳಲ್ಲೂ ಕೆಲವು ಮಿಣುಕುತ್ತವೆ. ಇನ್ನೊಂದು, ಲೀಟರಿಗೆ ಸಾವಿರದ ಲೆಕ್ಕದಲ್ಲಿ ವಿಷದ ಪಾಚಿ ಇದ್ದರೂ ನೀರು ತಿಳಿಯಾಗಿಯೇ ಕಾಣಬಹುದು. ಚಿಪ್ಪಿನೊಳಗೆ ವಿಷ ಸೇರಲು ಅಷ್ಟು ಸಾಕು. ಹಾಗಾಗಿ ಬಣ್ಣ, ಬೆಳಕು ಎರಡನ್ನೂ ನಂಬಿ ಕೂರುವ ಹಾಗಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ಪಾಚಿ ಹಬ್ಬಿದ್ದನ್ನು ನೋಡಿ ಮಾಹಿತಿ ಕೊಡುತ್ತದೆ. ಒಳ್ಳೆಯ ಕೆಲಸ. ಆದರೆ ಮೇಲಿನಿಂದ ಕಾಣುವುದು ಬಣ್ಣ ಮಾತ್ರ. ಮಳೆಗಾಲದಲ್ಲಿ ಮೋಡ ಮುಚ್ಚಿದರೆ ಅದೂ ಇಲ್ಲ.

ಮೈದುನ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಫ್ಯಾಕ್ಟರಿ ಕೆಮಿಕಲ್ ಅಂದಾಗ ಎಲ್ಲರಿಗೂ ನೆನಪಾಗುವುದು ಜಪಾನಿನ ಮಿನಮಾಟ. ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿಗೆ ಸೇರಿ, ಮೀನಿನಿಂದ ಬೆಕ್ಕಿಗೆ, ಮನುಷ್ಯರಿಗೆ. 1956ರಲ್ಲಿ ರೋಗ ಬೆಳಕಿಗೆ ಬರುವ ಮೊದಲೇ ಆ ಊರಿನ ಬೆಕ್ಕುಗಳು ಕುಣಿದ ಹಾಗೆ ಒದ್ದಾಡಿ ಸತ್ತಿದ್ದವು. ಆದರೆ ಪಾದರಸ ತಿಂಗಳು, ವರ್ಷಗಟ್ಟಲೆ ಮೈಯಲ್ಲಿ ಕೂಡಿ ಕಾಡುವಂಥದ್ದು. ಊಟದ ಅರ್ಧ ಗಂಟೆಗೆ ಬಂದು, ಬೆಳಿಗ್ಗೆ ಕಾಫಿಯ ಹೊತ್ತಿಗೆ ಹೋಗುವುದಿಲ್ಲ. ಗರ್ಭಿಣಿಯರು ತಾಟೆಯಂತಹ ದೊಡ್ಡ ಮೀನನ್ನು ಕಡಿಮೆ ತಿನ್ನಿ ಅನ್ನುವುದು ಆ ಕಾರಣಕ್ಕೆ, ಅದು ಬೇರೆಯೇ ವಿಷಯ. ನಿಮ್ಮ ಮನೆಯಲ್ಲಿ ಆದದ್ದು ಕಡಲಿನದ್ದೇ ವಿಷ. ಮೈದುನ ಹೇಳಿದ್ದರಲ್ಲಿ ನಿಜ ಎಲ್ಲಿ ಅಂದರೆ, ಗೊಬ್ಬರ, ಕೊಳಚೆ ಎಲ್ಲ ಹೊಳೆಗೆ ಸೇರಿದರೆ ಪಾಚಿಗೆ ಹಬ್ಬದೂಟ. ಆದರೆ ನಮ್ಮ ಕಡಲಿಗೆ ಅದಿಲ್ಲದೆಯೂ ಊಟ ಬರುತ್ತದೆ. ಮಳೆಗಾಲದಲ್ಲಿ ಅಡಿಯ ತಣ್ಣೀರು ಸತ್ವ ಹೊತ್ತುಕೊಂಡು ದಡದ ಹತ್ತಿರ ಮೇಲೆ ಬರುತ್ತದೆ. ಬೂತಾಯಿ, ಬಂಗುಡೆಗೆ ನಮ್ಮ ಕಡಲು ಹೆಸರಾಗಿರುವುದು ಅದರಿಂದಲೇ.

ಈಗ ವಿಷ ಮೈಯೊಳಗೆ ಏನು ಮಾಡುತ್ತದೆ ಅಂತ. ನಮ್ಮ ನರಗಳಲ್ಲಿ ಸುದ್ದಿ ಓಡುವುದು ಸೋಡಿಯಂ ಒಳಗೆ ನುಗ್ಗುವ ಸಣ್ಣ ಸಣ್ಣ ಬಾಗಿಲುಗಳಿಂದ. ಸ್ಯಾಕ್ಸಿಟಾಕ್ಸಿನ್ ಹೊರಗಿನಿಂದ ಬಂದು ಆ ಬಾಗಿಲಿಗೆ ಬಿರಡೆ ಹಾಕಿದ ಹಾಗೆ ಕೂರುತ್ತದೆ. ಸುದ್ದಿ ನಿಂತಿತು. ಮೊದಲು ತುಟಿ, ನಾಲಿಗೆ, ಆಮೇಲೆ ಕೈಕಾಲು. ಜಾಸ್ತಿ ಹೋದರೆ ಉಸಿರೆಳೆಯುವ ಸ್ನಾಯುಗಳು. ಆಗ ಮನುಷ್ಯನಿಗೆ ಎಚ್ಚರ ಇರುತ್ತದೆ, ಉಸಿರು ಎಳೆಯಲು ಆಗುವುದಿಲ್ಲ. ಮದ್ದು ಅಂತ ಇದಕ್ಕೆ ಇಲ್ಲ. ಆದರೆ ಯಂತ್ರದಿಂದ ಉಸಿರು ಕೊಡುತ್ತಾ ಇದ್ದರೆ ಮೈ ತಾನಾಗಿ ವಿಷವನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಮೊದಲ ಒಂದು ದಿನ ದಾಟಿದರೆ ಸಾಮಾನ್ಯವಾಗಿ ಪೂರ್ತಿ ಗುಣ. ಅದಕ್ಕೇ ನಾನು ಆಸ್ಪತ್ರೆಯ ಮಾತು ಎತ್ತಿದ್ದು. ಅಲ್ಲಿ ಬೇಕಿರುವುದು ಇಂಜೆಕ್ಷನ್ ಅಲ್ಲ, ವೆಂಟಿಲೇಟರ್ ಮತ್ತು ಕಾದು ನೋಡುವ ಒಬ್ಬ ಡಾಕ್ಟರ್. ತುಟಿಯಲ್ಲಿ ಶುರುವಾದದ್ದು ಎಲ್ಲಿಗೆ ನಿಲ್ಲುತ್ತದೆ ಅಂತ ಮನೆಯಲ್ಲಿ ಕೂತು ಯಾರೂ ಹೇಳಲಾರರು. ನೀವು ಸ್ವಲ್ಪ ತಿಂದಿರಿ, ಅವರು ಹೊಟ್ಟೆ ತುಂಬ ತಿಂದರು, ವ್ಯತ್ಯಾಸ ಅಷ್ಟೇ ಇದ್ದಿರಬಹುದು. ದೊಡ್ಡವರೊಬ್ಬರ ಜೀವಕ್ಕೆ ಅಪಾಯ ತರಲು ಒಂದರಿಂದ ನಾಲ್ಕು ಮಿಲಿಗ್ರಾಂ ಸಾಕು ಅಂತ ಲೆಕ್ಕ, ಸಕ್ಕರೆಯ ಕೆಲವೇ ಹರಳುಗಳಷ್ಟು. ಮಕ್ಕಳಿಗೆ ಇನ್ನೂ ಕಡಿಮೆ.

ಮನೆಯಲ್ಲೇ ಪರೀಕ್ಷೆ ಮಾಡುವ ಕಿಟ್ ಯಾಕಿಲ್ಲ ಅಂತ ಮುಂದೆ ಕೇಳಿಯೇ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಚಿಪ್ಪು ಸಾಕುವವರಿಗೆ ಪಟ್ಟಿಯಂತಹ ಪರೀಕ್ಷೆಗಳು ಹೊರದೇಶಗಳಲ್ಲಿವೆ. ಅದಕ್ಕೂ ಮೊದಲು ರುಬ್ಬಿ, ಆಮ್ಲದಲ್ಲಿ ಸೋಸಬೇಕು. ಒಂದು ಪಟ್ಟಿ ಒಂದು ಬಗೆಯ ವಿಷವನ್ನಷ್ಟೇ ಹಿಡಿಯುತ್ತದೆ. ದೊಡ್ಡ ತೊಡಕು ಬೇರೆಯೇ ಇದೆ. ಯಾವುದೇ ವಿಷವನ್ನು ಅಳೆಯಬೇಕಾದರೆ ತಕ್ಕಡಿಗೆ ತೂಕದ ಕಲ್ಲು ಇದ್ದ ಹಾಗೆ ಆ ವಿಷವೇ ಶುದ್ಧವಾಗಿ ಒಂದಿಷ್ಟು ಕೈಯಲ್ಲಿರಬೇಕು. ಅದನ್ನು ಕಡಲಿನಿಂದ ತೆಗೆಯುವುದು ಎಷ್ಟು ಕಷ್ಟ ಅಂತ ಹೇಳಲು ನಾನು ಯಾವಾಗಲೂ ತಕೇಶಿ ಯಾಸುಮೊಟೊ ಅವರ ಕೆಲಸವನ್ನು ಹೇಳುತ್ತೇನೆ.

ಯಾಸುಮೊಟೊ ಜಪಾನಿನ ಸೆಂಡಾಯ್ ಊರಿನ ತೊಹೊಕು ವಿಶ್ವವಿದ್ಯಾಲಯದವರು. ನಮ್ಮ ಕಸುಬಿನಲ್ಲಿ ಅವರ ಕೈ ತಾಗದ ವಿಷ ಕಡಿಮೆ. 1976ರಲ್ಲಿ ಅವರ ಕಡೆಯ ಮಿಯಾಗಿಯಲ್ಲಿ ಚಿಪ್ಪು ತಿಂದವರಿಗೆ ಬರೀ ಭೇದಿ. ರೋಗಾಣು ಸಿಗಲಿಲ್ಲ. ಅದೂ ಪಾಚಿಯ ವಿಷವೇ ಅಂತ ಅವರ ತಂಡ ಕಂಡುಹಿಡಿಯಿತು. ನಾನು ಹೇಳಹೊರಟದ್ದು ಮಾತ್ರ ಸಿಗ್ವಟೆರಾ ಎಂಬ ಇನ್ನೊಂದು ವಿಷದ ಕಥೆ. ಇದು ಚಿಪ್ಪಿನದ್ದಲ್ಲ, ಹವಳದ ದಿಬ್ಬಗಳ ದೊಡ್ಡ ಮೀನಿನದ್ದು. ಪೆಸಿಫಿಕ್ ದ್ವೀಪಗಳಲ್ಲಿ ನೂರಾರು ವರ್ಷಗಳಿಂದ ಜನ ಇದರಿಂದ ನರಳಿದ್ದರು. ಒಂದೇ ಜಾತಿಯ ಮೀನು, ದಿಬ್ಬದ ಈ ಕಡೆ ಹಿಡಿದರೆ ಊಟ, ಆ ಕಡೆ ಹಿಡಿದರೆ ವಿಷ. ತಿನ್ನುವ ಮೊದಲು ಬೆಕ್ಕಿಗೆ ಹಾಕಿ ನೋಡುವುದೂ ಅಲ್ಲಿ ಇತ್ತು. ಯಾಸುಮೊಟೊ ಮತ್ತು ಜೊತೆಗಾರರು 1977ರಲ್ಲಿ ಗ್ಯಾಂಬಿಯರ್ ದ್ವೀಪಗಳಲ್ಲಿ ಇದರ ಮೂಲ ಹಿಡಿದರು. ಸತ್ತ ಹವಳದ ಮೇಲೆ ಬೆಳೆಯುವ ಪಾಚಿಗೆ ಅಂಟಿಕೊಂಡಿರುವ ಒಂದು ಸೂಕ್ಷ್ಮ ಜೀವಿ. ಪಾಚಿ ಮೇಯುವ ಸಣ್ಣ ಮೀನು, ಅದನ್ನು ನುಂಗುವ ದೊಡ್ಡ ಮೀನು, ಹೀಗೆ ಮೇಲೆ ಹೋದ ಹಾಗೆ ವಿಷ ಕೂಡುತ್ತಾ ಹೋಗುತ್ತದೆ.

ಮೂಲ ಸಿಕ್ಕಿತು. ಆದರೆ ವಿಷದ ರಚನೆ ಹೇಗಿದೆ? ಅದಕ್ಕೆ ಶುದ್ಧ ವಿಷ ಬೇಕು. ನಾಲ್ಕು ಟನ್ ಹಾವುಮೀನು ಹಿಡಿದರು. ಅದರ ಹೊಟ್ಟೆಯೊಳಗಿನ ಭಾಗವೇ 124 ಕಿಲೋ. ಅದನ್ನು ಕರಗಿಸಿ, ಸೋಸಿ, ಮತ್ತೆ ಸೋಸಿ ಕೊನೆಗೆ ಸಿಕ್ಕಿದ ಸಿಗ್ವಟಾಕ್ಸಿನ್ 0.35 ಮಿಲಿಗ್ರಾಂ. ಒಂದು ಲಾರಿ ಮೀನಿಗೆ ಸಕ್ಕರೆಯ ಒಂದು ಹರಳಿಗಿಂತ ಕಡಿಮೆ! ಅಷ್ಟರಲ್ಲೇ 1989ರಲ್ಲಿ ಅವರ ತಂಡ ರಚನೆ ಬಿಡಿಸಿತು, ಏಣಿಯ ಮೆಟ್ಟಿಲಿನ ಹಾಗೆ ಜೋಡಿಸಿದ ಹದಿಮೂರು ಉಂಗುರಗಳು. ಕಡಲಿನಿಂದ ತೆಗೆಯುವುದು ಆಗದ ಮಾತು ಅಂತ ಮಸಾಹಿರೊ ಹಿರಾಮ ಎಂಬ ಇನ್ನೊಬ್ಬ ಜಪಾನೀ ವಿಜ್ಞಾನಿಯ ತಂಡ ಲ್ಯಾಬಿನಲ್ಲೇ ಇದರ ಒಂದು ಬಗೆಯನ್ನು ಕಟ್ಟಿತು. ಅದು ಪೂರ್ತಿಯಾದದ್ದು 2001ರಲ್ಲಿ. ಮೀನಿನಲ್ಲಿ ಇದು ಎಷ್ಟು ಇರಬಹುದು ಅಂತ ಅಮೆರಿಕ ಹಾಕಿರುವ ಗೆರೆ ಗೊತ್ತಾ? ಕಿಲೋಗೆ 0.01 ಮೈಕ್ರೋಗ್ರಾಂ. ಒಂದು ಗ್ರಾಂ ವಿಷವನ್ನು ಒಂದು ಲಕ್ಷ ಟನ್ ಮೀನಿಗೆ ಹಂಚಿದಷ್ಟು. ಬೆಳ್ಳಿ ನಾಣ್ಯಕ್ಕೆ ಸಿಗುವ ಕೆಲಸವಲ್ಲ ಇದು, ಅಲ್ವಾ?

ಸ್ಯಾಕ್ಸಿಟಾಕ್ಸಿನ್ ಬಾಗಿಲು ಮುಚ್ಚಿದರೆ ಸಿಗ್ವಟಾಕ್ಸಿನ್ ಅದೇ ಬಾಗಿಲನ್ನು ತೆರೆದೇ ಹಿಡಿಯುತ್ತದೆ. ನರ ಸುಮ್ಮನಿರುವುದೇ ಇಲ್ಲ. ತಣ್ಣೀರು ಮುಟ್ಟಿದರೆ ಸುಟ್ಟ ಹಾಗೆ ಉರಿಯುತ್ತದೆ. ಕೆಲವರಿಗೆ ವಾರ, ತಿಂಗಳುಗಟ್ಟಲೆ. 2016ರಲ್ಲಿ ಮಂಗಳೂರಿನಲ್ಲಿಯೇ ಕೆಂಬೇರಿ ತಿಂದವರಲ್ಲಿ ಇದೇ ಆಗಿರಬೇಕು ಅಂತ ವಿಜ್ಞಾನಿಗಳು ಬರೆದಿದ್ದಾರೆ. ನಿಮ್ಮ ಯಜಮಾನರಿಗೆ ಬೆಳಿಗ್ಗೆ ತಣ್ಣೀರಿನಲ್ಲಿ ಮುಖ ತೊಳೆದಾಗ ಉರಿ ಇರಲಿಲ್ಲ ತಾನೇ? ಕೇಳಿ ನೋಡಿ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಂಗುಡೆ, ಕೇದರ್ ತಿಂದು ಮುಖ ಕೆಂಪಾಗಿ ತುರಿಸಿದರೆ ಎಲ್ಲರೂ ಅಲರ್ಜಿ ಅನ್ನುತ್ತಾರೆ. ಬಹಳ ಸಲ ಅದು ಐಸ್ ಇಲ್ಲದೆ ಬಿಸಿಲಿಗೆ ಬಿದ್ದ ಮೀನಿನಲ್ಲಿ ಬ್ಯಾಕ್ಟೀರಿಯ ಮಾಡಿದ ಹಿಸ್ಟಮಿನ್. ಅದೂ ಬೇಯಿಸಿದರೆ ಹೋಗುವುದಿಲ್ಲ. ಆದರೆ ಐಸ್ ಹಾಕಿದರೆ ಹುಟ್ಟುವುದೇ ಇಲ್ಲ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ, ಬಿಡಬೇಕಾ? ನಾನು ಬಿಟ್ಟಿಲ್ಲ. ಪೂರ್ತಿ ಬಿಟ್ಟರೆ ಅಪಾಯ ಸೊನ್ನೆ, ಹೌದು. ಆದರೆ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದ ನೀರಲ್ಲಿ ನಿಂತು ಮರುವಾಯಿ ಹೆಕ್ಕುವವರ ಹೊಟ್ಟೆಪಾಡೂ ಇದೆ. ಅಪರೂಪಕ್ಕೆ ಆಗುವುದಕ್ಕೆ ವರ್ಷವಿಡೀ ಹೆದರಬೇಕು ಅಂತ ನನಗೆ ಅನ್ನಿಸುವುದಿಲ್ಲ. ನಾನು ಮಾಡುವುದು ಇಷ್ಟು. ನೀರಿನ ಬಣ್ಣ ಕೆಂಪು, ಹಸಿರು, ಕಂದು ಆಗಿದೆ, ಮೀನು ಸತ್ತು ತೇಲಿದೆ ಅಂತ ಸುದ್ದಿ ಬಂದರೆ ಆ ಜಾಗದ ಚಿಪ್ಪನ್ನು ಕೆಲವು ವಾರ ಮುಟ್ಟುವುದಿಲ್ಲ. ಹೆಚ್ಚಿನ ಚಿಪ್ಪುಗಳು ಪಾಚಿ ಹೋದ ಮೇಲೆ ವಾರಗಳಲ್ಲಿ ವಿಷ ಕಳೆದುಕೊಳ್ಳುತ್ತವೆ. ಆದರೆ ಎಲ್ಲವೂ ಅಲ್ಲ, ಅಮೆರಿಕದ ಒಂದು ಜಾತಿ ಎರಡು ವರ್ಷದವರೆಗೂ ಇಟ್ಟುಕೊಳ್ಳುತ್ತದೆ. ಎಲ್ಲಿ ಹೆಕ್ಕಿದ್ದು ಅಂತ ಕೇಳದೆ ತರುವುದಿಲ್ಲ. ಆ ಜಾಗದ್ದು ತಿಂದು ಯಾರಿಗಾದರೂ ತುಟಿ ಜುಮ್ಮೆಂದ ಸುದ್ದಿ ಇದ್ದರಂತೂ ಇಲ್ಲವೇ ಇಲ್ಲ. ಒಂದು ಊಟಕ್ಕೆ ಬಟ್ಟಲು ತುಂಬ ಹಾಕಿಕೊಳ್ಳುವುದಿಲ್ಲ. ಪುಟ್ಟ ಮಕ್ಕಳಿಗೆ ಎರಡೋ ಮೂರೋ, ಅಷ್ಟೇ. ಇಷ್ಟೆಲ್ಲ ಮಾಡಿದರೂ ಅಪಾಯ ಸೊನ್ನೆ ಆಗುವುದಿಲ್ಲ, ಬಣ್ಣ ಬರದೆಯೂ ವಿಷ ಇರಬಹುದು ಅಂತ ಮೇಲೆ ಹೇಳಿದೆನಲ್ಲ.

ಪರೀಕ್ಷೆಯಾದ ಮಾಲು ಸಿಕ್ಕಿದರೆ ಅದೇ ಒಳ್ಳೆಯದು. ಕಿಲೋಗೆ 0.8 ಮಿಲಿಗ್ರಾಂ ದಾಟಬಾರದು ಅನ್ನುವುದು ಬಹಳ ದೇಶಗಳ ನಿಯಮ, ಯುರೋಪಿಗೆ ಹೋಗುವ ಚಿಪ್ಪು ಈ ಗೆರೆಯೊಳಗೇ ಇರಬೇಕು. ಅಳಿವೆಯಿಂದ ಬುಟ್ಟಿಯಲ್ಲಿ ನಿಮ್ಮ ಅಂಗಳಕ್ಕೆ ಬರುವ ಮರುವಾಯಿಗೆ ಯಾರೂ ಪರೀಕ್ಷೆ ಮಾಡುವುದಿಲ್ಲ. ಇದು ನನಗೆ ಇವತ್ತಿಗೂ ಸರಿ ಕಾಣದ ವಿಷಯ. ದಿನಕ್ಕೆ ಇಷ್ಟು ತಿನ್ನುವವರು ನಾವು, ಪರೀಕ್ಷೆ ಮಾತ್ರ ದೂರದವರ ತಟ್ಟೆಗೆ.

ಮತ್ತೆ ಯಾವತ್ತಾದರೂ ಹೀಗಾದರೆ ತಿನ್ನುವುದನ್ನು ಅಲ್ಲಿಗೇ ನಿಲ್ಲಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ನುಂಗಲು ಕಷ್ಟವಾಗಿದ್ದರೆ ಮಜ್ಜಿಗೆಯೂ ಬೇಡ, ಉಸಿರಿನ ದಾರಿಗೆ ಹೋಗಬಹುದು. 108ಕ್ಕೆ ಫೋನ್ ಮಾಡಿ, ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೋಗಿ. ತುಟಿ ಜುಮ್ಮೆಂದವರೇ ಬೈಕ್ ಓಡಿಸಿಕೊಂಡು ಹೋಗುವುದು ಬೇಡ. ಡಾಕ್ಟರಿಗೆ ಮೊದಲ ಮಾತಿನಲ್ಲೇ ಮರುವಾಯಿ ತಿಂದದ್ದು, ಎಷ್ಟು ಹೊತ್ತಿಗೆ, ಎಷ್ಟು ಅಂತ ಹೇಳಿ. ಅದೇ ಬುಟ್ಟಿಯಿಂದ ಬೇರೆ ಯಾರು ತೆಗೆದುಕೊಂಡಿದ್ದರೋ ಅವರಿಗೂ ಫೋನ್ ಮಾಡಿ.

ಫ್ರೀಜರಿನ ಡಬ್ಬದ ಬಗ್ಗೆ. ತಿನ್ನಬೇಡಿ. ಹೆಪ್ಪುಗಟ್ಟಿದರೆ ಈ ವಿಷ ಸಾಯುವುದಿಲ್ಲ. ಬೆಕ್ಕಿಗೆ, ಕೋಳಿಗೆ ಹಾಕಿ ನೋಡೋಣ ಅಂತಲೂ ಹೊರಡಬೇಡಿ. ಆದರೆ ಬಿಸಾಡುವ ಮೊದಲು ಹತ್ತಿರದ ಮೀನುಗಾರಿಕೆ ಇಲಾಖೆಯ ಕಚೇರಿಗೆ ಅಥವಾ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ಒಂದು ಫೋನ್ ಮಾಡಿ, ಮಾದರಿ ಬೇಕಾ ಅಂತ ಕೇಳಿ. ಇಂಥ ಪ್ರಕರಣಗಳಲ್ಲಿ ನಮ್ಮ ಕೈಗೆ ಬರುವುದು ಬರೀ ಖಾಲಿ ಪಾತ್ರೆ, ತೊಳೆದದ್ದು ಬೇರೆ. ನಿಮ್ಮಲ್ಲಿ ಅದೇ ಬುಟ್ಟಿಯ ಮರುವಾಯಿ ಇದೆ. ಡಬ್ಬದ ಮೇಲೆ ಹೆಕ್ಕಿದ ದಿನ, ಜಾಗ ಬರೆದ ಚೀಟಿ ಅಂಟಿಸಿ, ‘ಅಡುಗೆಗೆ ಅಲ್ಲ’ ಅಂತ ದೊಡ್ಡದಾಗಿ ಬರೆಯಿರಿ. ಅತ್ತೆಯವರಿಗೆ ಬಾಯಲ್ಲೂ ಹೇಳಿಡಿ. ಮಾದರಿ ಬೇಡ ಅಂತ ಕಚೇರಿಯವರು ಹೇಳಿದರೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿ, ನಾಯಿ ಬಾಯಿ ಹಾಕದ ಹಾಗೆ ಕಸಕ್ಕೆ ಕೊಡಿ.